ನಾಲ್ಕಕ್ಷರಗಳ ಸರಣಿ: ಇಂಗ್ಲಿಷ್ ಕಾಗುಣಿತದಲ್ಲಿ ಉಳಿದ ಜನಭಾಷೆಯ ಕುರುಹು

ಭಾಷೆಯ ಆಡುರೂಪಕ್ಕೂ ಬರಹರೂಪಕ್ಕೂ ಇರುವ ಸಂಬಂಧವನ್ನು ಚರ್ಚಿಸುವಾಗ ಇಂಗ್ಲಿಷಿನ ‘ಓ-ಯು-ಜಿ-ಎಚ್’ ಎಂಬ ಅಕ್ಷರಸರಣಿ ಮತ್ತೆ ಮತ್ತೆ ಪ್ರಸ್ತಾಪವಾಗುತ್ತದೆ. ಸಾಮಾನ್ಯವಾಗಿ ಇದನ್ನು ಇಂಗ್ಲಿಷ್ ಕಾಗುಣಿತದ ಅರಾಜಕತೆಗೆ ನಿದರ್ಶನವೆಂದು ಹೇಳಿ ಮುಂದೆ ಸಾಗುವುದು ವಾಡಿಕೆ. ಆದರೆ ಜಾನಪದೀಯ ದೃಷ್ಟಿಯಿಂದ ಪರಿಶೀಲಿಸಿದರೆ ಇದು ಕೇವಲ ಅರಾಜಕತೆಯಲ್ಲ. ಬೇರೆ ಬೇರೆ ಪ್ರದೇಶಗಳ ಜನ ಒಂದೇ ಧ್ವನಿಯನ್ನು ಬೇರೆ ಬೇರೆ ದಿಕ್ಕಿಗೆ ಕೊಂಡೊಯ್ದುದರ ದಾಖಲೆ. ಆ ದಾಖಲೆಯ ಸ್ವರೂಪವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಉಚ್ಚಾರಣೆಯ ವೈವಿಧ್ಯ

ಈ ನಾಲ್ಕು ಅಕ್ಷರಗಳು ‘ಆದರೂ’ ಎಂಬರ್ಥದ ‘ದೋ’ ಮತ್ತು ನಾದಿದ ಕಣಕವೆಂಬರ್ಥದ ‘ಡೋ’ ಪದಗಳಲ್ಲಿ ಓಕಾರವಾಗಿ, ‘ಮೂಲಕ’ ಎಂಬರ್ಥದ ‘ಥ್ರೂ’ ಪದದಲ್ಲಿ ಊಕಾರವಾಗಿ, ಕೊಂಬೆ ಎಂಬರ್ಥದ ‘ಬೌ’ ಹಾಗೂ ನೇಗಿಲೆಂಬರ್ಥದ ‘ಪ್ಲೌ’ ಪದಗಳಲ್ಲಿ ಔಕಾರವಾಗಿ ಕೇಳುತ್ತವೆ. ಒರಟು, ಗಟ್ಟಿ, ಸಾಕಷ್ಟು ಎಂಬರ್ಥದ ‘ರಫ್’, ‘ಟಫ್’, ‘ಇನಫ್’ ಪದಗಳಲ್ಲಿ ‘ಅಫ್’ ಎಂದೂ, ಕೆಮ್ಮು ಎಂಬರ್ಥದ ‘ಕಾಫ್’ ಹಾಗೂ ದನಕರುಗಳಿಗೆ ನೀರು ಮೇವುಗಳನ್ನಿಡುವ ಬಾನಿ ಎಂಬರ್ಥದ ‘ಟ್ರಾಫ್’ ಪದಗಳಲ್ಲಿ ‘ಆಫ್’ ಎಂದೂ ಉಚ್ಚಾರವಿದೆ. ‘ಥಾಟ್’, ‘ಬಾಟ್’ ಪದಗಳಲ್ಲಿ ‘ಟಿ’ ಅಕ್ಷರದ ಹಿಂದೆ ಬಂದಾಗ ‘ಜಿ-ಎಚ್’ ಪೂರ್ಣ ಮೌನ. ‘ಸ್ಲೌ’ ಎಂದರೆ ಕೆಸರುಹೊಂಡ. ಅದೇ ಕಾಗುಣಿತವನ್ನು ‘ಸ್ಲಫ್’ ಎಂದು ಓದಿದರೆ ಹಾವು ಕಳಚಿದ ಪೊರೆ.

ಇಲ್ಲಿ ಗಮನಾರ್ಹವಾದ ಅಂಶವೊಂದಿದೆ. ನೇಗಿಲು, ಬಾನಿ, ಕೊಂಬೆ, ಕಣಕ, ಕೆಮ್ಮು, ಒರಟು: ಇವು ಪಂಡಿತರು ಲ್ಯಾಟಿನ್‌ನಿಂದ ತಂದ ಪದಗಳಲ್ಲ. ಹೊಲ, ಕೊಟ್ಟಿಗೆ, ಅಡುಗೆಮನೆಗಳಲ್ಲಿ ಬಳಕೆಯಾದ ಜರ್ಮಾನಿಕ್ ಮೂಲದ ಪದಗಳು. ಈ ಸರಣಿಯ ಬಹುಪಾಲು ಪದಗಳು ಇಂಥವೇ.

2. ಕಳೆದುಹೋದ ಧ್ವನಿ

ಹಳೆಯ ಇಂಗ್ಲಿಷಿನಲ್ಲಿ ಒರಟು ಎಂಬುದಕ್ಕೆ ‘ರೂಖ್’, ಮೂಲಕ ಎಂಬುದಕ್ಕೆ ‘ಥುರ್ಖ್’ ಎಂಬಂತಹ ರೂಪಗಳಿದ್ದವು. ಕೊನೆಯಲ್ಲಿದ್ದುದು ಗಂಟಲಿನ ಹತ್ತಿರ ಉಸಿರು ಉಜ್ಜಿ ಹುಟ್ಟುವ ಧ್ವನಿ. ಜರ್ಮನ್ ಸಂಗೀತಕಾರ ಬಾಖ್‌ನ ಹೆಸರಿನ ಕೊನೆಯಲ್ಲಿ ಕೇಳುವಂಥದ್ದು. ಹಳೆಯ ಬರಹಗಾರರು ಇದನ್ನು ‘ಎಚ್’ ಅಕ್ಷರದಿಂದ ಸೂಚಿಸುತ್ತಿದ್ದರು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ನಂತರ ಬೆಳೆದ ಲಿಪಿಕಾರ ಪರಂಪರೆಯಲ್ಲಿ ‘ಯೋಘ್’ ಎಂಬ ಅಕ್ಷರವೂ, ಕ್ರಮೇಣ ‘ಜಿ-ಎಚ್’ ಜೋಡಿಯೂ ಆ ಸ್ಥಾನಕ್ಕೆ ಬಂದವು. ಅಂದರೆ ‘ಜಿ-ಎಚ್’ ಬಳಕೆಗೆ ಬಂದಾಗ ಅದು ಮೌನಾಕ್ಷರವಾಗಿರಲಿಲ್ಲ. ಕಿವಿಗೆ ಕೇಳುವ ಧ್ವನಿಯ ಗುರುತಾಗಿತ್ತು.

1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ಸ್ಥಾಪಿಸಿದನು. ಮುಂದಿನ ಎರಡು ಶತಮಾನಗಳಲ್ಲಿ ಮುದ್ರಣವು ಕಾಗುಣಿತವನ್ನು ಕ್ರಮೇಣ ಸ್ಥಿರಗೊಳಿಸಿತು. ದೀರ್ಘಸ್ವರಗಳು ಸ್ಥಾನ ಬದಲಿಸಿದ ಮಹಾಸ್ವರಪಲ್ಲಟವೂ, ಗಂಟಲಿನ ಈ ಧ್ವನಿ ಬಹುಪಾಲು ಇಂಗ್ಲೆಂಡಿನಲ್ಲಿ ಅಳಿದುದೂ ಹೆಚ್ಚುಕಡಿಮೆ ಇದೇ ಅವಧಿಯಲ್ಲಿ. ನಾಲಗೆ ಮುಂದೆ ಹೋಯಿತು, ಅಚ್ಚಿನ ಮೊಳೆ ಹಿಂದೆಯೇ ನಿಂತಿತು.

3. ಪ್ರಾದೇಶಿಕ ನುಡಿಗಳ ಪಾಲು

ಒಂದೇ ಧ್ವನಿ ಇಷ್ಟು ರೂಪ ತಾಳಿದ್ದಕ್ಕೆ ಎರಡು ಕಾರಣಗಳನ್ನು ಗುರುತಿಸಬಹುದು. ಮೊದಲನೆಯದು ವ್ಯಾಕರಣಕ್ಕೆ ಸಂಬಂಧಿಸಿದ್ದು. ಪದದ ಕೊನೆಯಲ್ಲಿ ಬಂದಾಗ ಈ ಧ್ವನಿ ಹಲವೆಡೆ ತುಟಿಯ ಕಡೆಗೆ ಸರಿದು ‘ಫ್’ ಆಯಿತು. ಹಿಂದಿನ ಉ, ಓ ಸ್ವರಗಳಿಗಾಗಿ ದುಂಡಗಾದ ತುಟಿ ಇದಕ್ಕೆ ನೆರವಾಯಿತು. ಆದರೆ ವಿಭಕ್ತಿ, ವಚನ ಪ್ರತ್ಯಯಗಳು ಸೇರಿದಾಗ ಎರಡು ಸ್ವರಗಳ ನಡುವೆ ಸಿಲುಕಿ ವಕಾರದಂತಾಗಿ ಸ್ವರದಲ್ಲೇ ಕರಗಿತು. ಏಕವಚನದ ‘ಇನಫ್’ ಉಳಿದರೆ, ಅದರ ಹಳೆಯ ಬಹುವಚನ ‘ಇನೌ’ ಎಂದಾಯಿತು. ‘ಬೌ’, ‘ಪ್ಲೌ’ ಪದಗಳ ಇಂದಿನ ಉಚ್ಚಾರಣೆಯೂ ಪ್ರತ್ಯಯ ಸೇರಿದ ರೂಪಗಳಿಂದ ಬಂದುದು.

ಎರಡನೆಯದು ಪ್ರಾದೇಶಿಕತೆ. ಕಣಕಕ್ಕೆ ಶಿಷ್ಟರು ‘ಡೋ’ ಎಂದರೆ ಉತ್ತರ ಇಂಗ್ಲೆಂಡಿನವರು ‘ಡಫ್’ ಎಂದರು. ಆ ರೂಪವು ಬೇಯಿಸಿದ ಸಿಹಿತಿನಿಸಿನ ಹೆಸರಾಗಿ ಶಿಷ್ಟಭಾಷೆಗೂ ಬಂದಿದೆ. ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯಲ್ಲಂತೂ ಮೂಲಧ್ವನಿಯೇ ಉಳಿದಿದೆ. ಶಿಷ್ಟರ ‘ಥಾಟ್’, ‘ಬಾಟ್’ ಅಲ್ಲಿ ‘ಥಾಖ್ಟ್’, ‘ಬಾಖ್ಟ್’. ಸರೋವರಕ್ಕೆ ಸ್ಕಾಟ್ಲೆಂಡಿನಲ್ಲೂ ಐರ್ಲೆಂಡಿನಲ್ಲೂ ‘ಲಾಖ್’ ಎಂದೇ ಹೆಸರು. ಐರ್ಲೆಂಡಿನಲ್ಲಿ ಅದನ್ನು ಬರೆಯುವುದು ಇದೇ ನಾಲ್ಕಕ್ಷರಗಳಿಂದ.

ಇಂತಹ ರೂಪಗಳನ್ನು ಕಲೆಹಾಕಿದವರಲ್ಲಿ ಜೋಸೆಫ್ ರೈಟ್ ಪ್ರಮುಖನು. ಅವನ ಆರು ಸಂಪುಟಗಳ ‘ಇಂಗ್ಲಿಷ್ ಡೈಲೆಕ್ಟ್ ಡಿಕ್ಷನರಿ’ 1898ರಿಂದ 1905ರ ಅವಧಿಯಲ್ಲಿ ಪ್ರಕಟವಾಯಿತು. ಲೀಡ್ಸ್ ವಿಶ್ವವಿದ್ಯಾಲಯದ ಹೆರಾಲ್ಡ್ ಆರ್ಟನ್ ನೇತೃತ್ವದ ಕ್ಷೇತ್ರಕಾರ್ಯ 1950ರಿಂದ 1961ರವರೆಗೆ 313 ಸ್ಥಳಗಳಲ್ಲಿ, ಮುಖ್ಯವಾಗಿ ಹಳ್ಳಿಗಳ ಹಿರಿಯ ವಕ್ತೃಗಳೊಡನೆ ನಡೆಯಿತು. ಗ್ರಾಮೀಣ ವೃದ್ಧರ ಬಾಯಿಮಾತು ಭಾಷಾಚರಿತ್ರೆಗೆ ಆಕರವಾಗಬಲ್ಲದೆಂಬುದನ್ನು ಈ ಕೆಲಸಗಳು ಸ್ಥಾಪಿಸಿದವು.

4. ಜನಪದ ನಿರುಕ್ತಿ ಮತ್ತು ಅಕ್ಷರವಿನೋದ

ಈ ಸರಣಿಯ ಎಲ್ಲ ಪದಗಳೂ ಆ ಹಳೆಯ ಧ್ವನಿಯಿಂದ ಬಂದವಲ್ಲ. ಬಿಕ್ಕಳಿಕೆ ಎಂಬರ್ಥದ ‘ಹಿಕಪ್’ ಬಿಕ್ಕಳಿಸುವ ಸದ್ದಿನ ಅನುಕರಣಪದ. ಅದರ ಕೊನೆಯಲ್ಲಿ ಕೆಮ್ಮು ಎಂಬ ಪದವಿದೆಯೆಂದು ಭಾವಿಸಿ 17ನೆಯ ಶತಮಾನದಲ್ಲಿ ಈ ನಾಲ್ಕಕ್ಷರಗಳನ್ನು ಜೋಡಿಸಲಾಯಿತು. ಕಾಗುಣಿತ ಬದಲಾದರೂ ಬಾಯಿ ಬದಲಾಗಲಿಲ್ಲ. ಉಚ್ಚಾರಣೆ ‘ಹಿಕಪ್’ ಎಂದೇ ಉಳಿಯಿತು. ಜನಪದ ನಿರುಕ್ತಿಯು ಬರಹದ ಮೇಲೂ ಪ್ರಭಾವ ಬೀರುವುದಕ್ಕೆ ಇದು ಉತ್ತಮ ನಿದರ್ಶನ.

ಸರಣಿಯ ಸುತ್ತ ವಿನೋದಸಾಹಿತ್ಯವೂ ಬೆಳೆದಿದೆ. ಸ್ಕಾರ್‌ಬರೊ ಪಟ್ಟಣದ ಬೀದಿಯಲ್ಲಿ ನಡೆದ ಉಳುವವನೊಬ್ಬ ಕೆಸರಿಗೆ ಬಿದ್ದು ಕೆಮ್ಮಿದ ಕಥನವನ್ನು ಈ ಪದಗಳಿಂದಲೇ ಕಟ್ಟುವ ವಾಕ್ಯವೊಂದು ಕರ್ತೃವಿನ ಹೆಸರಿಲ್ಲದೆ, ಹಲವು ಪಾಠಾಂತರಗಳೊಡನೆ ಪ್ರಚಾರದಲ್ಲಿದೆ. ‘ಜಿ-ಎಚ್-ಓ-ಟಿ-ಐ’ ಎಂದು ಬರೆದು ‘ಫಿಶ್’ ಎಂದು ಓದಿಸುವ ಒಗಟು ಇನ್ನೂ ಪ್ರಸಿದ್ಧ: ‘ಇನಫ್’ ಪದದ ‘ಜಿ-ಎಚ್’, ‘ವಿಮೆನ್’ ಪದದ ‘ಓ’, ‘ನೇಷನ್’ ಪದದ ‘ಟಿ-ಐ’. ಇದನ್ನು ಜಾರ್ಜ್ ಬರ್ನಾರ್ಡ್ ಷಾ ಸೃಷ್ಟಿಯೆಂದು ಹೇಳುವುದು ರೂಢಿ. ಆದರೆ ಷಾ ಹುಟ್ಟಿದ್ದು 1856ರಲ್ಲಿ. 1855ರ ಪತ್ರವೊಂದರಲ್ಲೇ ಈ ಒಗಟಿನ ಉಲ್ಲೇಖವಿದೆ. ಅನಾಮಧೇಯ ಚಾಟೂಕ್ತಿಗಳು ಪ್ರಸಿದ್ಧರ ಹೆಸರಿಗೆ ಅಂಟಿಕೊಳ್ಳುವ ಜಾನಪದ ಪ್ರಕ್ರಿಯೆ ಅಕ್ಷರಸ್ಥ ಸಮಾಜದಲ್ಲೂ ಹಾಗೆಯೇ ನಡೆಯುತ್ತದೆಂಬುದು ಇದರಿಂದ ವ್ಯಕ್ತವಾಗುತ್ತದೆ.

5. ತಿದ್ದುವ ಯತ್ನ

ಅಮೆರಿಕದಲ್ಲಿ 1906ರಲ್ಲಿ ಸರಳ ಕಾಗುಣಿತ ಮಂಡಳಿಯೊಂದು ಸ್ಥಾಪನೆಯಾಗಿ ‘ದೋ’, ‘ಥ್ರೂ’ಗಳೂ ಸೇರಿದಂತೆ 300 ಪದಗಳಿಗೆ ಚಿಕ್ಕ ರೂಪಗಳನ್ನು ಸೂಚಿಸಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಅವನ್ನು ಸರ್ಕಾರಿ ಮುದ್ರಣದಲ್ಲಿ ಬಳಸಲು ಆದೇಶಿಸಿದನು. ಅದೇ ವರ್ಷ ಪ್ರತಿನಿಧಿಸಭೆ ವಿರೋಧಿಸಿತು. ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆ 1934ರಲ್ಲಿ ಇಂತಹ ರೂಪಗಳನ್ನು ಆರಂಭಿಸಿ 1975ರಲ್ಲಿ ಕೈಬಿಟ್ಟಿತು. ಒಮ್ಮೆ ಅಚ್ಚಿನಲ್ಲಿ ನೆಲೆಗೊಂಡ ರೂಪವನ್ನು ಅಧಿಕಾರವೂ ಸುಲಭವಾಗಿ ಕದಲಿಸಲಾರದು.

6. ಕನ್ನಡದ ನಿದರ್ಶನ

ಧ್ವನಿಯೊಂದು ಕಳೆದು ಹಲವು ದಾರಿ ಹಿಡಿಯುವುದು ಇಂಗ್ಲಿಷಿಗಷ್ಟೇ ಸೀಮಿತವಲ್ಲ. ಹಳಗನ್ನಡದ ೞಕಾರ ‘ಕೋೞಿ’ಯಲ್ಲಿ ಳಕಾರವಾಗಿ ‘ಕೋಳಿ’ ಎಂದಾಯಿತು. ‘ಕೞ್ತೆ’ಯಲ್ಲಿ ರೇಫವಾಗಿ ‘ಕರ್ತೆ’, ಮುಂದೆ ‘ಕತ್ತೆ’ ಎಂದಾಯಿತು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರದ ವಿಚಾರಕ್ಕೆ ವಿಶೇಷ ಗಮನ ಕೊಟ್ಟಿದ್ದಾನೆ. ವ್ಯತ್ಯಾಸವಿರುವುದು ಬರಹದ ನಡವಳಿಕೆಯಲ್ಲಿ. ಕನ್ನಡದ ಬರಹ ಇಲ್ಲಿ ನಾಲಗೆಯನ್ನು ಹಿಂಬಾಲಿಸಿ ೞಕಾರವನ್ನು ಕೈಬಿಟ್ಟಿತು. ಇದರಿಂದ ಓದು ಸುಲಭವಾಯಿತು. ಆದರೆ ಕೋಳಿ, ಕತ್ತೆಗಳಲ್ಲಿ ಒಂದೇ ಧ್ವನಿಯಿತ್ತೆಂಬ ಗುರುತು ಇಂದಿನ ಬರಹದಿಂದ ಅಳಿಸಿಹೋಯಿತು. ಇಂಗ್ಲಿಷ್ ಗುರುತನ್ನು ಉಳಿಸಿಕೊಂಡು ಓದಿನ ಕಷ್ಟವನ್ನು ಕಲಿಯುವವರ ಮೇಲೆ ಹೊರಿಸಿತು.

ಬರೆದಂತೆ ಓದುವ ಸಂಸ್ಕಾರದಲ್ಲಿ ಬೆಳೆದ ಕನ್ನಡ ಮಾಧ್ಯಮದ ವಿದ್ಯಾರ್ಥಿ ಈ ಪದಗಳೆದುರು ಎಡವುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕಾಗಿದೆ. ‘ಜಿ-ಎಚ್’ ಇರುವಲ್ಲಿ ಧ್ವನಿಯೊಂದನ್ನು ನಿರೀಕ್ಷಿಸುವುದು ದಡ್ಡತನವಲ್ಲ. ಆ ಅಕ್ಷರಗಳನ್ನು ಮೊದಲು ಬರೆದ ಲಿಪಿಕಾರನ ನಿರೀಕ್ಷೆಯೂ ಅದೇ ಆಗಿತ್ತು. ಹಾಗೆಯೇ ‘ಥಾಖ್ಟ್’ ಎನ್ನುವ ಸ್ಕಾಟ್ಲೆಂಡಿನ ಹಳ್ಳಿಗನದು ಭ್ರಷ್ಟ ಉಚ್ಚಾರಣೆಯಲ್ಲ. ಬರಹದಲ್ಲಿರುವುದನ್ನು ಶಿಷ್ಟನಿಗಿಂತ ನಿಷ್ಠೆಯಿಂದ ನುಡಿಯುತ್ತಿರುವವನು ಅವನೇ. ಶಿಷ್ಟವೆಂಬುದು ಹಲವು ಆಡುನುಡಿಗಳಿಂದ ಒಂದೊಂದು ರೂಪವನ್ನು ಆಯ್ದುಕೊಂಡ ಮಿಶ್ರಣ. ಆ ಆಯ್ಕೆಯಲ್ಲಿ ಹೊರಗುಳಿದ ರೂಪಗಳನ್ನು ಅಶುದ್ಧವೆಂದು ಬದಿಗಿಟ್ಟರೆ, ಒಳಗಿರುವ ರೂಪಗಳ ಚರಿತ್ರೆಯೂ ಅರ್ಥವಾಗದೆ ಹೋಗುತ್ತದೆ. ಒಟ್ಟಿನಲ್ಲಿ, ಬರಹದ ಒಗಟನ್ನು ಬಿಡಿಸಲು ಆಡುಮಾತಿನ ಆಕರಗಳೇ ಬೇಕೆಂಬುದನ್ನು ಈ ನಾಲ್ಕಕ್ಷರಗಳ ಸರಣಿ ಸ್ಪಷ್ಟಪಡಿಸುತ್ತದೆ.