ಸಿಟ್ಟಿನ ಪತ್ರ ಒಂದು ರಾತ್ರಿ ಮಲಗಲಿ

ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಕತ್ತಿಯ ಕಾಲದ ಈ ಮಾತು ಇ-ಮೇಲಿನ ಕಾಲಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ. ಕಾಸರಗೋಡಿನ ಕನ್ನಡ ಮನೆಗಳ ಮಕ್ಕಳು ಇಂದು ಮಂಗಳೂರು, ಬೆಂಗಳೂರು, ದುಬಾಯಿಗಳ ಕಚೇರಿಗಳಲ್ಲಿ ದುಡಿಯುತ್ತಿದ್ದಾರೆ. ಮೇಲಧಿಕಾರಿಯ ಒಂದು ಒರಟು ಸಾಲು, ಸಹೋದ್ಯೋಗಿಯ ಒಂದು ಚುಚ್ಚುಮಾತು ಪರದೆಯ ಮೇಲೆ ಕಂಡೊಡನೆ ಬೆರಳುಗಳು ಉತ್ತರ ಕುಟ್ಟತೊಡಗುತ್ತವೆ. ಗುಂಡಿ ಒತ್ತಿದರೆ ಮುಗಿಯಿತು. ವರ್ಷಗಟ್ಟಲೆ ದುಡಿದು ಗಳಿಸಿದ ಹೆಸರು ಒಂದು ನಿಮಿಷದಲ್ಲಿ ಕೆಡಬಹುದು.

ಹಿಂದೆ ಅಂಚೆಯೇ ನಮಗೆ ತಾಳ್ಮೆ ಕಲಿಸುತ್ತಿತ್ತು. ಇನ್‌ಲ್ಯಾಂಡ್ ಕಾಗದದಲ್ಲಿ ಎಷ್ಟೇ ಸಿಟ್ಟು ಕಾರಿದರೂ ಅದನ್ನು ಮಡಚಿ, ಅಂಟಿಸಿ, ವಿಳಾಸ ಬರೆದು ಅಂಚೆ ಪೆಟ್ಟಿಗೆಯವರೆಗೆ ನಡೆಯಬೇಕಿತ್ತು. ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತಿತ್ತು. 1971ರಲ್ಲಿ ಅಮೆರಿಕದ ಎಂಜಿನಿಯರ್ ರೇ ಟಾಮ್ಲಿನ್ಸನ್ ಜಾಲದ ಮೂಲಕ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಸಂದೇಶ ಕಳುಹಿಸಿದರು. ಅಲ್ಲಿಂದ ಮುಂದೆ ಆ ನಡಿಗೆಯ ಅಗತ್ಯ ಕ್ರಮೇಣ ಇಲ್ಲವಾಯಿತು.

ದೊಡ್ಡವರೂ ಈ ಇಕ್ಕಟ್ಟಿಗೆ ಸಿಲುಕಿದವರೇ. 1863ರ ಜುಲೈ ತಿಂಗಳಲ್ಲಿ, ಅಮೆರಿಕದ ಅಂತರ್ಯುದ್ಧದ ಗೆಟಿಸ್‌ಬರ್ಗ್ ಕಾಳಗವನ್ನು ಜನರಲ್ ಮೀಡ್ ಗೆದ್ದರು. ಆದರೆ ಸೋತ ಜನರಲ್ ಲೀಯವರ ಸೈನ್ಯ ಪೊಟೊಮ್ಯಾಕ್ ನದಿ ದಾಟಿ ಪಾರಾಯಿತು. ಅಧ್ಯಕ್ಷ ಲಿಂಕನ್‌ರ ಅಸಮಾಧಾನವನ್ನು ಮಹಾದಂಡನಾಯಕ ಹ್ಯಾಲೆಕ್ ಜುಲೈ 14ರಂದು ತಂತಿಯಲ್ಲಿ ತಿಳಿಸಿದೊಡನೆ ಮೀಡ್ ನೊಂದು, ತನ್ನನ್ನು ಹುದ್ದೆಯಿಂದ ಬಿಡುಗಡೆ ಮಾಡಿರೆಂದು ಮರುತಂತಿ ಕೊಟ್ಟರು. ಅದು ಒಪ್ಪಿಗೆಯಾಗಲಿಲ್ಲ. ಅದೇ ದಿನ ಲಿಂಕನ್ ತಾವೇ ಮೀಡರಿಗೊಂದು ಪತ್ರ ಬರೆದು, ಯುದ್ಧ ಮುಗಿಸುವ ಅವಕಾಶ ಕೈತಪ್ಪಿತೆಂದು ಅಳಲು ತೋಡಿಕೊಂಡರು. ಆದರೆ ಸಹಿ ಹಾಕಲಿಲ್ಲ, ಕಳುಹಿಸಲೂ ಇಲ್ಲ. ಹಾಗೆಂದು ಲಕೋಟೆಯ ಮೇಲೆ ಗುರುತು ಮಾಡಿ ಇಟ್ಟುಬಿಟ್ಟರು. ಮೀಡ್ ಯುದ್ಧ ಮುಗಿಯುವವರೆಗೂ ಆ ಸೈನ್ಯದ ದಳಪತಿಯಾಗಿಯೇ ಉಳಿದರು.

ಅಧ್ಯಕ್ಷ ಟ್ರೂಮನ್ ಹೀಗೆ ತಡೆದುಕೊಳ್ಳಲಿಲ್ಲ. 1950ರ ಡಿಸೆಂಬರಿನಲ್ಲಿ ಅವರ ಮಗಳು ಮಾರ್ಗರೆಟಳ ಗಾಯನವನ್ನು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯ ವಿಮರ್ಶಕ ಪಾಲ್ ಹ್ಯೂಮ್ ಟೀಕಿಸಿದರು. ಎದುರು ಸಿಕ್ಕರೆ ನಿನಗೆ ಹೊಸ ಮೂಗು ಬೇಕಾದೀತು ಎಂಬರ್ಥದ ಪತ್ರವನ್ನು ಟ್ರೂಮನ್ ಬರೆದು ಅಂಚೆಗೆ ಹಾಕಿಸಿದರು. ಅದು ಪತ್ರಿಕೆಯಲ್ಲಿ ಅಚ್ಚಾಯಿತು. ಕೊರಿಯಾ ಯುದ್ಧದಲ್ಲಿ ಸೈನಿಕರು ಸಾಯುತ್ತಿದ್ದ ಹೊತ್ತಿನಲ್ಲಿ ಅಧ್ಯಕ್ಷರ ಈ ನಡೆಯನ್ನು ಜನ ಟೀಕಿಸಿದರು.

ಇ-ಮೇಲಿನಲ್ಲಿ ಇನ್ನೊಂದು ಅಪಾಯವೂ ಇದೆ. ಅದರಲ್ಲಿ ದನಿಯಿಲ್ಲ, ಮುಖವಿಲ್ಲ. ತಮಾಷೆಗೆ ಬರೆದದ್ದನ್ನೋ ಗಂಭೀರವಾಗಿ ಬರೆದದ್ದನ್ನೋ ಓದುವವರು ಸರಿಯಾಗಿ ಗ್ರಹಿಸುವರೆಂದು ಬರೆದವರು ಅತಿಯಾಗಿ ನಂಬುತ್ತಾರೆ ಎಂಬುದನ್ನು ಅಮೆರಿಕದ ಮನಶ್ಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ತೋರಿಸಿಕೊಟ್ಟರು. ನಮ್ಮವರ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ಮನೆಯಲ್ಲಿ ತುಳುವೋ ಕನ್ನಡವೋ, ಪೇಟೆಯಲ್ಲಿ ಮಲಯಾಳ, ಕಚೇರಿಯಲ್ಲಿ ಇಂಗ್ಲಿಷ್. ನೀನು, ನೀವು, ತಾವು ಎಂದು ಮರ್ಯಾದೆಯನ್ನು ಅಳೆದು ಕೊಡುವ ಭಾಷೆಯಲ್ಲಿ ಬೆಳೆದವನು, ಎಲ್ಲರಿಗೂ ಒಂದೇ ‘ಯೂ’ ಇರುವ ಭಾಷೆಯಲ್ಲಿ ಸಿಟ್ಟು ಮಾಡಿದರೆ ಪೆಟ್ಟು ಎಷ್ಟು ಬಿತ್ತೆಂಬುದು ಅವನಿಗೇ ತಿಳಿಯುವುದಿಲ್ಲ.

ಹಾಗಾದರೆ ಮಾಡಬೇಕಾದುದೇನು? ಸಿಟ್ಟನ್ನು ಬರೆಯಿರಿ, ಆದರೆ ಕನ್ನಡದಲ್ಲಿ, ಬೇರೆ ಕಾಗದದಲ್ಲಿ. ಮೇಲಿನಲ್ಲೇ ಬರೆಯುವುದಿದ್ದರೆ ವಿಳಾಸದ ಜಾಗ ಖಾಲಿ ಇರಲಿ. ಕೈ ತಪ್ಪಿದರೂ ಪತ್ರ ಹೋಗದು. ಜಿಮೇಲ್‌ನಲ್ಲಿ ಕಳುಹಿಸಿದ್ದನ್ನು ಹಿಂದಕ್ಕೆ ಪಡೆಯುವ ಅವಧಿಯನ್ನು 30 ಸೆಕೆಂಡಿನವರೆಗೆ ಇಟ್ಟುಕೊಳ್ಳಬಹುದು. ಆದರೆ ಸಿಟ್ಟು ಇಳಿಯಲು 30 ಸೆಕೆಂಡು ಸಾಲದು, ಒಂದು ರಾತ್ರಿಯಾದರೂ ಬೇಕು. ಬೆಳಿಗ್ಗೆ ಓದಿ ನೋಡಿ, ನಂಬಿಕೆಯವರೊಬ್ಬರಿಗೆ ಓದಲು ಕೊಡಿ. ಎಲ್ಲರಿಗೂ ಪ್ರತಿ ಹೋಗುವ ಗುಂಡಿಯಿಂದ ದೂರವಿರಿ. ಎರಡು ನಿಮಿಷದ ಫೋನಿನಲ್ಲಿ ಮುಗಿಯುವ ಮಾತಿಗೆ ಪತ್ರವೇ ಬೇಡ.

ಅನ್ಯಾಯವನ್ನು ನುಂಗಿಕೊಳ್ಳಬೇಕೆಂದು ಇದರ ಅರ್ಥವಲ್ಲ. ಅಹವಾಲನ್ನು ನಮ್ಮ ಭಾಷೆಯಲ್ಲೇ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಅಂಥ ಅರ್ಜಿ ಬರೆದು ಬಲ್ಲವರಿಗೆ ಒಂದು ಗುಟ್ಟು ಗೊತ್ತು: ಬೈಗಳಿರುವ ಅರ್ಜಿಯನ್ನು ಅಧಿಕಾರಿ ಬದಿಗಿಡಬಹುದು, ಆದೇಶದ ಸಂಖ್ಯೆ, ತಾರೀಕು, ಆದ ತೊಂದರೆ, ಬೇಕಾದ ಪರಿಹಾರ ಇಷ್ಟನ್ನೇ ಹೇಳುವ ಅರ್ಜಿಯನ್ನು ಬದಿಗಿಡುವುದು ಕಷ್ಟ. ಕಚೇರಿಯ ಇ-ಮೇಲಿಗೂ ಇದೇ ಮಾತು ಸಲ್ಲುತ್ತದೆ. ದೂರು ಗಟ್ಟಿಯಾಗಿರಲಿ, ದನಿ ಮೆತ್ತಗಿರಲಿ. ಉದ್ಯೋಗಕ್ಕಾಗಿ ದೂರ ಹೋದ ಮಕ್ಕಳಿಗೆ ತಂದೆತಾಯಂದಿರು ಹೇಳಿ ಕಳುಹಿಸಬೇಕಾದ ಬುದ್ಧಿಮಾತುಗಳಲ್ಲಿ ಇದೂ ಒಂದು.