ಕೆಲಸ ಹೋಗುವುದು ಬೇರೆ, ವೃತ್ತಿ ಹೋಗುವುದು ಬೇರೆ: ಇಂಗ್ಲೆಂಡಿನಲ್ಲಿ ಶಿಕ್ಷಕರ ಶಿಸ್ತು ವಿಚಾರಣೆ



ವೃತ್ತಿಗೋಷ್ಠಿಯ ಮುಖ್ಯ ಭಾಷಣಕ್ಕೆ ನನ್ನನ್ನು ಕರೆದ ಬಳಗದ ಗೆಳೆಯರಿಗೆ ಮೊದಲು ವಂದನೆ. ನಾನು ಆರಿಸಿಕೊಂಡ ವಿಷಯ ಕೇಳಿ ಸಮಿತಿಯವರಲ್ಲಿ ಒಂದಿಬ್ಬರು ಹುಬ್ಬೇರಿಸಿದ್ದು ನಿಜ. ಹಾಡು, ನಾಟಕ, ಹೋಳಿಗೆ ಊಟದ ನಡುವೆ ಅಮಾನತು, ವಿಚಾರಣೆ, ವಜಾ ಎಂಬ ಮಾತು ಯಾಕೆ ಅಂತ. ಆದರೆ ಈ ಸಭಾಂಗಣದಲ್ಲಿ ಶಿಕ್ಷಕರ ಸಂಖ್ಯೆ ಹೆಚ್ಚುತ್ತಿದೆ. 2023ರ ಫೆಬ್ರವರಿಯಿಂದ ಭಾರತದಲ್ಲಿ ತರಬೇತಿ ಪಡೆದ ಗಣಿತ, ವಿಜ್ಞಾನ ಮತ್ತು ಭಾಷಾ ಶಿಕ್ಷಕರು ಇಂಗ್ಲೆಂಡಿನ ಶಿಕ್ಷಕ ಅರ್ಹತೆಗೆ, ಅಂದರೆ ಕ್ಯೂಟಿಎಸ್‌ಗೆ, ನೇರವಾಗಿ ಅರ್ಜಿ ಹಾಕಬಹುದು. ಆ ಬಾಗಿಲಿಂದ ಬಂದವರು ಇಲ್ಲಿ ಕೆಲವರಾದರೂ ಇದ್ದೀರಿ. ನಾನು ಇಲ್ಲಿನ ಮಾಧ್ಯಮಿಕ ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಜೊತೆಗೆ ಶಿಕ್ಷಕರ ಸಂಘದ ಪ್ರತಿನಿಧಿಯಾಗಿ, ಆರೋಪ ಬಂದ ಸಹೋದ್ಯೋಗಿಗಳ ಪಕ್ಕ ಕೂತು ವಿಚಾರಣೆಗಳನ್ನು ನೋಡಿದ್ದೇನೆ. ನಮ್ಮವರು ಎಡವುವುದು ಬಹಳ ಸಲ ಒಂದೇ ಜಾಗದಲ್ಲಿ. ಅದನ್ನೇ ಇವತ್ತು ಹೇಳುವುದು.

ನಮ್ಮೂರಿನ ಪದ್ಧತಿಯಿಂದ ಶುರು ಮಾಡೋಣ. ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರ ಮೇಲೆ ದೂರು ಬಂದರೆ ಅದು ಸೇವಾ ನಿಯಮದ ವಿಷಯ. 1957ರ ಕರ್ನಾಟಕ ನಾಗರಿಕ ಸೇವಾ ನಿಯಮಗಳು, ನಾವು ಸಿಸಿಎ ರೂಲ್ಸ್ ಅನ್ನುವುದು, ಅವರಿಗೂ ಅನ್ವಯಿಸುತ್ತವೆ, ತಾಲ್ಲೂಕು ಕಚೇರಿಯ ಗುಮಾಸ್ತರಿಗೂ ಅನ್ವಯಿಸುತ್ತವೆ. ಅಮಾನತು, ದೋಷಾರೋಪಣಾ ಪಟ್ಟಿ, ಇಲಾಖಾ ವಿಚಾರಣೆ, ಕೊನೆಗೆ ದಂಡನೆ. ದಂಡನೆಗೆ ಮೆಟ್ಟಿಲುಗಳಿವೆ: ಛೀಮಾರಿ, ವೇತನ ಬಡ್ತಿ ತಡೆ, ಕಡ್ಡಾಯ ನಿವೃತ್ತಿ, ವಜಾ. ಖಾಸಗಿ ಶಾಲೆಯವರಾದರೆ 1983ರ ಶಿಕ್ಷಣ ಕಾಯ್ದೆಯಡಿ ವಜಾ ಆದೇಶದ ವಿರುದ್ಧ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಎರಡರಲ್ಲೂ ಪ್ರಶ್ನೆ ಒಂದೇ: ಈ ವ್ಯಕ್ತಿ ಈ ಕೆಲಸದಲ್ಲಿ ಮುಂದುವರಿಯಬೇಕೇ ಬೇಡವೇ? ವಕೀಲರಿಗೆ ಬಾರ್ ಕೌನ್ಸಿಲ್ ಇದ್ದ ಹಾಗೆ ಮೇಷ್ಟ್ರ ಪಾಠ ಮಾಡುವ ಹಕ್ಕನ್ನೇ ತೂಗಿ ನೋಡುವ ಪ್ರತ್ಯೇಕ ಸಂಸ್ಥೆ ಅಲ್ಲಿಲ್ಲ. ಹಾಗಾಗಿ ಖಾಸಗಿ ಶಾಲೆಯೊಂದರಲ್ಲಿ ಜಗಳವಾದರೆ ರಾಜೀನಾಮೆ ಕೊಟ್ಟು ಪಕ್ಕದ ಬಡಾವಣೆಯ ಶಾಲೆಗೆ ಸೇರಿಕೊಳ್ಳುವುದು ನಮಗೆ ಗೊತ್ತಿರುವ ದಾರಿ. ಮರ್ಯಾದೆಯಾಗಿ ಹೊರಗೆ ಬಂದೆ ಅನ್ನುತ್ತೇವೆ.

ಇಂಗ್ಲೆಂಡಿನಲ್ಲಿ ಕೋಣೆಗಳು ಎರಡು. ಮೊದಲನೆಯದು ಶಾಲೆ. ಅಲ್ಲಿ ನಡೆಯುವುದು ಮಾಲೀಕ ಮತ್ತು ನೌಕರರ ನಡುವಿನ ವಿಚಾರಣೆ. ಮಗುವಿಗೆ ಹಾನಿಯಾದ ಆರೋಪವಿದ್ದರೆ ಶಾಲೆ ಸ್ಥಳೀಯ ಆಡಳಿತದ ನಿಯೋಜಿತ ಅಧಿಕಾರಿಗೆ ಒಂದು ಕೆಲಸದ ದಿನದೊಳಗೆ ತಿಳಿಸಬೇಕು. ಶಿಕ್ಷಕರನ್ನು ಅಮಾನತಿನಲ್ಲಿಡಬಹುದು, ಸಾಮಾನ್ಯವಾಗಿ ಪೂರ್ಣ ಸಂಬಳದ ಮೇಲೆ. ಇಲ್ಲಿ ಅಮಾನತು ಶಿಕ್ಷೆಯಲ್ಲ ಎಂದು ಪತ್ರದಲ್ಲಿ ಬರೆದಿರುತ್ತಾರೆ. ಮನೆಯಲ್ಲಿ ಕೂತು ಫೋನ್ ನೋಡುತ್ತಿರುವವನಿಗೆ ಅದು ಶಿಕ್ಷೆಯ ಹಾಗೇ ಕಾಣುತ್ತದೆ, ಅದು ಬೇರೆ ಮಾತು. ಶಿಸ್ತು ಸಭೆಗೆ ನಿಮ್ಮ ಜೊತೆ ಸಂಘದ ಪ್ರತಿನಿಧಿಯೋ ಸಹೋದ್ಯೋಗಿಯೋ ಬರುವುದು 1999ರ ಕಾಯ್ದೆ ಕೊಟ್ಟ ಹಕ್ಕು. ಗಂಡನನ್ನೋ ವಕೀಲರನ್ನೋ ಕರೆದುಕೊಂಡು ಹೋಗುವ ಹಕ್ಕು ಅದರಲ್ಲಿಲ್ಲ.

ಎರಡನೆಯ ಕೋಣೆ ಟೀಚಿಂಗ್ ರೆಗ್ಯುಲೇಷನ್ ಏಜೆನ್ಸಿ, ಟಿಆರ್‌ಎ. ಕೊವೆಂಟ್ರಿಯಲ್ಲಿ ಇದರ ಕಚೇರಿ. 2018ರಲ್ಲಿ ಈ ಹೆಸರು ಬಂತು. ಅದಕ್ಕೂ ಮುಂಚೆ 2000ದಿಂದ 2012ರವರೆಗೆ ಜನರಲ್ ಟೀಚಿಂಗ್ ಕೌನ್ಸಿಲ್ ಎಂಬ ಸಂಸ್ಥೆ ಇತ್ತು, ಅದನ್ನು ಮುಚ್ಚಿ ಅಧಿಕಾರವನ್ನು ಶಿಕ್ಷಣ ಮಂತ್ರಿಗಳ ಕೈಗೆ ತಂದರು. ಇಲ್ಲಿನ ಪ್ರಶ್ನೆ ಶಾಲೆಯ ಪ್ರಶ್ನೆಯಲ್ಲ. ನೀವು ಇಂಗ್ಲೆಂಡಿನ ಯಾವುದೇ ಶಾಲೆಯಲ್ಲಿ ಇನ್ನು ಮುಂದೆ ಪಾಠ ಮಾಡಬಹುದೇ ಎಂಬುದೇ ಪ್ರಶ್ನೆ. ಸರ್ಕಾರಿ ಅನುದಾನದ ಶಾಲೆ, ಅಕಾಡೆಮಿ, ಫೀಸ್ ಕಟ್ಟುವ ಖಾಸಗಿ ಶಾಲೆ ಎಲ್ಲವೂ ಸೇರಿ. ಕ್ಯೂಟಿಎಸ್ ಇಲ್ಲದೆ ಪಾಠ ಮಾಡುವವರೂ ಇದರ ವ್ಯಾಪ್ತಿಯಲ್ಲಿದ್ದಾರೆ, ಏಜೆನ್ಸಿ ಮೂಲಕ ದಿನಗೂಲಿಯ ಹಾಗೆ ಸಪ್ಲೈ ಟೀಚಿಂಗ್ ಮಾಡುವವರೂ ಇದ್ದಾರೆ.

ಇಲ್ಲಿ ಕೂತಿರುವ ಡಾಕ್ಟರುಗಳಿಗೆ ಜಿಎಂಸಿ, ನರ್ಸ್‌ಗಳಿಗೆ ಎನ್‌ಎಂಸಿ ಏನೆಂದು ಗೊತ್ತು, ಅವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ನಮ್ಮ ಮೇಷ್ಟ್ರುಗಳಿಗೆ ಆಗುವುದಿಲ್ಲ. ಆರೋಪ ಬಂದ ಕೂಡಲೇ ಅವರಿಗೆ ಹೊಳೆಯುವುದು ರಾಜೀನಾಮೆ. ಒಬ್ಬರು ನನ್ನ ಬಳಿ ಬಂದಾಗ ರಾಜೀನಾಮೆ ಕೊಟ್ಟು ಮೂರು ವಾರ ಆಗಿತ್ತು. "ಮುಗೀತಲ್ಲ ಸಾರ್, ಇನ್ನೇನು?" ಅಂದರು. ಮುಗಿದಿರಲಿಲ್ಲ. ಗಂಭೀರ ದುರ್ನಡತೆಗಾಗಿ ವಜಾ ಮಾಡಿದರೆ, ಅಥವಾ ರಾಜೀನಾಮೆ ಕೊಡದಿದ್ದರೆ ವಜಾ ಮಾಡುತ್ತಿದ್ದೆವು ಎಂಬ ಪರಿಸ್ಥಿತಿ ಇದ್ದರೆ, ಪ್ರಕರಣವನ್ನು ಟಿಆರ್‌ಎಗೆ ಕಳಿಸಬೇಕೇ ಎಂದು ಶಾಲೆ ಯೋಚಿಸಲೇಬೇಕು. ಇದು ಕಾನೂನಿನ ಕಟ್ಟಳೆ, ಏಜೆನ್ಸಿಗಳಿಗೂ ಇದೆ. ಮಕ್ಕಳಿಗೆ ಅಪಾಯವಾಗುವಂಥ ಆರೋಪವಾದರೆ "ನೀನು ಸುಮ್ಮನೆ ಹೋಗು, ನಾವು ಸುಮ್ಮನಿರುತ್ತೇವೆ" ಎಂಬ ಒಪ್ಪಂದ ಮಾಡಿಕೊಳ್ಳಬಾರದೆಂದು ಶಾಲೆಗಳಿಗೆ ಸರ್ಕಾರದ ಸ್ಪಷ್ಟ ಸೂಚನೆಯಿದೆ. ಮಕ್ಕಳ ಕಡೆಯಿಂದ ನೋಡಿದರೆ ಅದು ಸರಿ. ತಪ್ಪಿತಸ್ಥರು ಒಂದು ಶಾಲೆಯಿಂದ ಇನ್ನೊಂದಕ್ಕೆ ಸದ್ದಿಲ್ಲದೆ ಜಾರಿಕೊಳ್ಳುವುದು ಹೀಗೆಯೇ ತಾನೆ. ಆದರೆ ತಪ್ಪು ಮಾಡದವನು ಹೆದರಿ ರಾಜೀನಾಮೆ ಕೊಟ್ಟರೆ, ತನ್ನ ಮಾತನ್ನು ದಾಖಲೆಗೆ ತರುವ ಮೊದಲ ಅವಕಾಶವನ್ನೇ ಬಿಟ್ಟುಕೊಟ್ಟ ಹಾಗೆ.

ವೀಸಾ ಮೇಲಿರುವವರಿಗೆ ಇನ್ನೊಂದು ಗಂಟು. ಸ್ಕಿಲ್ಡ್ ವರ್ಕರ್ ವೀಸಾ ಶಾಲೆಯ ಪ್ರಾಯೋಜಕತ್ವಕ್ಕೆ ಕಟ್ಟಿಕೊಂಡಿದೆ. ಕೆಲಸ ಬಿಟ್ಟರೂ ಬಿಡಿಸಿದರೂ ಶಾಲೆ ಅದನ್ನು ಹತ್ತು ಕೆಲಸದ ದಿನಗಳೊಳಗೆ ಹೋಮ್ ಆಫೀಸಿಗೆ ವರದಿ ಮಾಡಬೇಕು. ಆಮೇಲೆ ಸಾಮಾನ್ಯವಾಗಿ ಸಿಗುವುದು 60 ದಿನ. ಟಿಆರ್‌ಎ ಪ್ರಕರಣ ಮುಗಿಯಲು ವರ್ಷ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಹಿಡಿಯುತ್ತದೆ. ಲೆಕ್ಕ ನೀವೇ ಹಾಕಿ. ಮನುಷ್ಯ ಮೈಸೂರಿಗೋ ಶಿವಮೊಗ್ಗಕ್ಕೋ ವಾಪಸ್ ಹೋಗಿರುತ್ತಾನೆ, ಪತ್ರ ಇಲ್ಲಿನ ಬಾಡಿಗೆ ಮನೆಗೆ ಬಂದು ಬಿದ್ದಿರುತ್ತದೆ. ನೋಟಿಸ್ ಸರಿಯಾಗಿ ಕಳಿಸಿದ್ದೇವೆ ಎಂದು ತೋರಿಸಿದರೆ ಅವನ ಗೈರುಹಾಜರಿಯಲ್ಲೇ ವಿಚಾರಣೆ ನಡೆಸಲು ಅವಕಾಶವಿದೆ.

ಆ ವಿಚಾರಣೆ ಹೇಗಿರುತ್ತದೆ ಎಂದು ಸ್ವಲ್ಪ ಹೇಳುತ್ತೇನೆ. ದೂರು ಬಂದ ಮೇಲೆ ಮೊದಲು ಇದು ತಮ್ಮ ವ್ಯಾಪ್ತಿಯದೇ ಎಂದು ನೋಡುತ್ತಾರೆ. ಪಾಠ ಸರಿಯಾಗಿ ಮಾಡುವುದಿಲ್ಲ, ತರಗತಿ ಹಿಡಿತಕ್ಕೆ ಬರುವುದಿಲ್ಲ, ಉಚ್ಚಾರಣೆ ಅರ್ಥವಾಗುವುದಿಲ್ಲ ಎಂಬ ದೂರುಗಳು ಸಾಮರ್ಥ್ಯದ ವಿಷಯ. ಅವು ಶಾಲೆಯೊಳಗೇ ಇತ್ಯರ್ಥವಾಗಬೇಕು, ಟಿಆರ್‌ಎಗೆ ಬರುವಂಥವಲ್ಲ. ಇದನ್ನು ನಮ್ಮವರು ಮುಖ್ಯವಾಗಿ ನೆನಪಿಡಬೇಕು, ಏಕೆಂದರೆ ಹೊಸದಾಗಿ ಬಂದವರ ಮೇಲೆ ಬರುವ ದೂರುಗಳಲ್ಲಿ ಇಂಥವೂ ಇರುತ್ತವೆ. ಟಿಆರ್‌ಎ ನೋಡುವುದು ಮೂರನ್ನು: ವೃತ್ತಿಗೆ ಒಪ್ಪದ ನಡತೆ, ವೃತ್ತಿಗೆ ಕೆಟ್ಟ ಹೆಸರು ತರಬಹುದಾದ ನಡತೆ, ಮತ್ತು ಸಂಬಂಧಪಟ್ಟ ಅಪರಾಧದಲ್ಲಿ ಕೋರ್ಟಿನ ಶಿಕ್ಷೆ. ತನಿಖೆಯಲ್ಲಿ ನಿಮ್ಮ ಉತ್ತರ ಕೇಳುತ್ತಾರೆ. ಉತ್ತರಿಸಬೇಕಾದ ಪ್ರಕರಣ ಇದೆ ಅನ್ನಿಸಿದರೆ ಮೂವರ ಸಮಿತಿಯ ಮುಂದೆ ಹೋಗುತ್ತದೆ. ಅದರಲ್ಲಿ ಒಬ್ಬರಾದರೂ ಶಿಕ್ಷಕರು, ಒಬ್ಬರಾದರೂ ಶಿಕ್ಷಕರಲ್ಲದವರು ಇರಬೇಕು. ಕಾನೂನು ಸಲಹೆಗಾರರೊಬ್ಬರು ಪಕ್ಕದಲ್ಲಿರುತ್ತಾರೆ. ಇಲ್ಲಿ ನೀವು ವಕೀಲರನ್ನು ಇಟ್ಟುಕೊಳ್ಳಬಹುದು. ಸಾಮಾನ್ಯವಾಗಿ ವಿಚಾರಣೆ ಬಹಿರಂಗವಾಗಿ ನಡೆಯುತ್ತದೆ. ರುಜುವಾತಿನ ಅಳತೆ ಕ್ರಿಮಿನಲ್ ಕೋರ್ಟಿನದಲ್ಲ, ಸಿವಿಲ್ ಕೋರ್ಟಿನದು. ಸಂಶಯಾತೀತವಾಗಿ ಸಾಬೀತಾಗಬೇಕಿಲ್ಲ, ನಡೆದಿರುವ ಸಾಧ್ಯತೆಯೇ ಹೆಚ್ಚು ಅನ್ನಿಸಿದರೆ ಸಾಕು. "ಪೊಲೀಸರೇ ಕೇಸು ಬಿಟ್ಟರು, ಇವರೇನು ಮಾಡುತ್ತಾರೆ" ಎಂಬ ಧೈರ್ಯ ಅದಕ್ಕೇ ಕೆಲಸಕ್ಕೆ ಬರುವುದಿಲ್ಲ.

ಈಗ ನನಗೆ ಅಷ್ಟಾಗಿ ಒಪ್ಪಿಗೆಯಾಗದ ಭಾಗ. ಸಮಿತಿ ತೀರ್ಪು ಕೊಡುವುದಿಲ್ಲ, ಶಿಫಾರಸು ಮಾಡುತ್ತದೆ. ಅಂತಿಮ ತೀರ್ಮಾನ ಮಂತ್ರಿಗಳ ಪರವಾಗಿ ಒಬ್ಬ ಹಿರಿಯ ಅಧಿಕಾರಿಯದು. ಆ ತೀರ್ಮಾನದ ಕೈಯಲ್ಲಿರುವ ಆಯುಧವೂ ಒಂದೇ: ಬೋಧನಾ ನಿಷೇಧದ ಆದೇಶ. ಅದಕ್ಕೆ ಅವಧಿ ಇಲ್ಲ, ಆಜೀವ. ಕನಿಷ್ಠ ಎರಡು ವರ್ಷದ ನಂತರ ಮರುಪರಿಶೀಲನೆಗೆ ಅರ್ಜಿ ಹಾಕಲು ಬಿಡಬಹುದು, ಬಿಡದೆಯೂ ಇರಬಹುದು. ನಿಷೇಧ ಬೇಡ ಎಂದಾದರೆ, ದುರ್ನಡತೆ ಸಾಬೀತಾಗಿದೆ ಎಂಬ ವಿವರವನ್ನು ಹೆಸರಿನ ಸಮೇತ ಸರ್ಕಾರಿ ಜಾಲತಾಣದಲ್ಲಿ ಹಾಕಿ ಬಿಡುತ್ತಾರೆ. ಮಧ್ಯದ ಮೆಟ್ಟಿಲೇ ಇಲ್ಲ. ನಮ್ಮ ಹಳೆಯ ಸಿಸಿಎ ರೂಲ್ಸ್‌ನಲ್ಲಿ ಎಷ್ಟು ಮೆಟ್ಟಿಲಿವೆ ನೋಡಿ. ದೂರ ಯಾಕೆ, ಸೆವರ್ನ್ ನದಿ ದಾಟಿ ವೇಲ್ಸ್‌ಗೆ ಹೋದರೆ ಅಲ್ಲಿನ ಎಜುಕೇಷನ್ ವರ್ಕ್‌ಫೋರ್ಸ್ ಕೌನ್ಸಿಲ್‌ಗೆ ಛೀಮಾರಿ, ಷರತ್ತು, ಅಮಾನತು, ನಿಷೇಧ ಎಲ್ಲವೂ ಇವೆ. ಸ್ಕಾಟ್ಲೆಂಡಿನ ಟೀಚಿಂಗ್ ಕೌನ್ಸಿಲ್ 1965ರಿಂದ ಇದೆ, 2012ರಿಂದ ಸರ್ಕಾರದಿಂದ ಸ್ವತಂತ್ರವಾಗಿದೆ. ಇಂಗ್ಲೆಂಡಿನ ಹಳೆಯ ಕೌನ್ಸಿಲ್‌ಗೂ ಆ ಮೆಟ್ಟಿಲುಗಳಿದ್ದವು. ತಿದ್ದಿಕೊಳ್ಳಬಲ್ಲ ಶಿಕ್ಷಕನಿಗೆ ಎಲ್ಲ ಅಥವಾ ಏನೂ ಇಲ್ಲ ಎಂಬ ತಕ್ಕಡಿ ಒಳ್ಳೆಯದಲ್ಲ ಎಂಬುದು ನನ್ನ ಅಭಿಪ್ರಾಯ. ನಿಷೇಧದ ಆದೇಶ ಬಂದರೆ 28 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹೋಗಬಹುದು.

ಹೋಗಿ ಏನು ಪ್ರಯೋಜನ ಅನ್ನುವವರಿಗೆ ಬರ್ಮಿಂಗ್‌ಹ್ಯಾಮಿನ ಕಥೆ ಹೇಳಬೇಕು. 2014ರಲ್ಲಿ 'ಟ್ರೋಜನ್ ಹಾರ್ಸ್' ಎಂದು ಪತ್ರಿಕೆಗಳು ಕರೆದ ಗದ್ದಲ ನೆನಪಿರಬಹುದು. ಅಲ್ಲಿನ ಕೆಲವು ಶಾಲೆಗಳಲ್ಲಿ ಧಾರ್ಮಿಕ ಪ್ರಭಾವ ಮಿತಿಮೀರಿದೆ ಎಂಬ ಆರೋಪ. ಪಾರ್ಕ್ ವ್ಯೂ ಶಾಲೆಯ ಶಿಕ್ಷಕರ ಮೇಲೆ, ಆಗ ಈ ಕೆಲಸ ನೋಡುತ್ತಿದ್ದ ಟಿಆರ್‌ಎಯ ಹಿಂದಿನ ಸಂಸ್ಥೆ, ಪ್ರಕರಣ ಹೂಡಿತು. ಇಬ್ಬರು ಶಿಕ್ಷಕರ ಮೇಲಿನ ನಿಷೇಧವನ್ನು 2016ರ ಅಕ್ಟೋಬರಿನಲ್ಲಿ ಹೈಕೋರ್ಟ್ ರದ್ದು ಮಾಡಿತು, ಕಾರಣ ವಿಚಾರಣಾ ಕ್ರಮದಲ್ಲಿದ್ದ ಗಂಭೀರ ಲೋಪ. 2017ರ ಮೇ ತಿಂಗಳಲ್ಲಿ, ಹಿರಿಯ ಹುದ್ದೆಯಲ್ಲಿದ್ದ ಇನ್ನೈವರ ಪ್ರಕರಣವನ್ನು ಸಮಿತಿಯೇ ಕೈಬಿಟ್ಟಿತು. ಸರ್ಕಾರದ ಹಿಂದಿನ ತನಿಖೆಯೊಂದರಲ್ಲಿ ಸಾಕ್ಷಿಗಳು ಕೊಟ್ಟಿದ್ದ ಹೇಳಿಕೆಗಳನ್ನು ಶಿಕ್ಷಕರ ಪರ ವಕೀಲರಿಗೆ ಕೊಟ್ಟಿರಲಿಲ್ಲ. ಅದು ಪ್ರಕ್ರಿಯೆಯ ದುರುಪಯೋಗ ಎಂದಿತು ಸಮಿತಿ. ಆರೋಪಗಳು ನಿಜವೋ ಸುಳ್ಳೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ, ಅದಕ್ಕೆ ನಾನು ಕೈಹಾಕುವುದಿಲ್ಲ. ಆ ಶಿಕ್ಷಕರು ಹಾಜರಾಗಿ, ದಾಖಲೆ ಕೇಳಿ, ಕೊನೆಯವರೆಗೆ ಕೂತಿದ್ದರಿಂದಲೇ ಲೋಪ ಹೊರಬಿತ್ತು. ಮನೆಗೆ ಹೋಗಿದ್ದರೆ ಬೀಳುತ್ತಿರಲಿಲ್ಲ.

ಇನ್ನು ಯಾವ ನಡತೆ ತೊಂದರೆ ತರುತ್ತದೆ? ಮಕ್ಕಳೊಂದಿಗೆ ಲೈಂಗಿಕ ದುರ್ವರ್ತನೆ, ಹಿಂಸೆ, ಮೋಸ ಇವು ಎಲ್ಲಿಯಾದರೂ ತಪ್ಪೇ, ವಿವರಣೆ ಬೇಡ. ನಮ್ಮವರಿಗೆ ಗೊತ್ತಿಲ್ಲದ ಗಡಿಗಳು ಬೇರೆ ಇವೆ. ವಿದ್ಯಾರ್ಥಿ ರಾತ್ರಿ ವಾಟ್ಸಾಪ್‌ನಲ್ಲಿ ಲೆಕ್ಕ ಕೇಳಿದರೆ ಉತ್ತರಿಸುವುದು ನಮ್ಮೂರಲ್ಲಿ ಒಳ್ಳೆಯ ಮೇಷ್ಟ್ರ ಲಕ್ಷಣ. ಇಲ್ಲಿ ಸ್ವಂತ ಫೋನಿಂದ ವಿದ್ಯಾರ್ಥಿಗೆ ಸಂದೇಶ ಕಳಿಸುವುದು ಸಾಮಾನ್ಯವಾಗಿ ಶಾಲೆಯ ನಿಯಮಕ್ಕೇ ವಿರುದ್ಧ, ಅದು ಬೆಳೆಯುತ್ತಾ ಹೋದರೆ ಸಮಿತಿಯ ಮುಂದೆ ಬರುವ ಸರಕು. ಕಿವಿ ಹಿಂಡುವುದು, ಬೆನ್ನಿಗೆ ಗುದ್ದುವುದು ಅಂತೂ ಬೇಡವೇ ಬೇಡ. ಇಲ್ಲಿನ ಸರ್ಕಾರಿ ಶಾಲೆಗಳಲ್ಲಿ ಹೊಡೆತ 1987ರಲ್ಲೇ ನಿಂತಿತು. ನಮ್ಮಲ್ಲೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ ಎಂಬುದನ್ನು ಮರೆತವರು ಬಹಳ. ಪರೀಕ್ಷೆಯ ಉತ್ತರ ಪತ್ರಿಕೆ ತಿದ್ದುವುದು, ಕೋರ್ಸ್‌ವರ್ಕ್‌ನಲ್ಲಿ ಕೈಯಾಡಿಸುವುದು, ಮಕ್ಕಳ ಮೇಲಿನ ಮಮತೆಯಿಂದಲೇ ಮಾಡಿದರೂ, ಅಪ್ರಾಮಾಣಿಕತೆ ಎಂದೇ ಲೆಕ್ಕ. ಶಾಲೆಯ ಹೊರಗಿನ ನಡತೆಯೂ ಕೆಲವೊಮ್ಮೆ ಒಳಗೆ ಬರುತ್ತದೆ.

ಭಾನುವಾರದ ಕನ್ನಡ ತರಗತಿ ನಡೆಸುವ ಸ್ವಯಂಸೇವಕರೂ ಕೇಳಿಸಿಕೊಳ್ಳಿ. ಆ ತರಗತಿ ಟಿಆರ್‌ಎ ಲೆಕ್ಕದಲ್ಲಿ ಶಾಲೆಯಲ್ಲ. ಆದರೆ ವಾರವಾರ ಮೇಲ್ವಿಚಾರಣೆ ಇಲ್ಲದೆ ಮಕ್ಕಳಿಗೆ ಪಾಠ ಮಾಡುವುದು ಕಾನೂನಿನ ಕಣ್ಣಲ್ಲಿ ನಿಯಂತ್ರಿತ ಚಟುವಟಿಕೆ, ಸಂಬಳ ಇರಲಿ ಇಲ್ಲದಿರಲಿ. ಮಕ್ಕಳ ಜೊತೆ ಕೆಲಸ ಮಾಡದಂತೆ ಡಿಬಿಎಸ್ ಪಟ್ಟಿಯಲ್ಲಿ ಹೆಸರಿರುವವರು ಅದನ್ನು ಮಾಡಿದರೆ ಅಪರಾಧ. ಡಿಬಿಎಸ್ ಪಟ್ಟಿ ಬೇರೆ, ಟಿಆರ್‌ಎ ನಿಷೇಧ ಬೇರೆ. ನಮ್ಮ ಸಂಘಗಳು "ಗೊತ್ತಿರುವವರೇ ಅಲ್ವಾ" ಎಂದು ಡಿಬಿಎಸ್ ತಪಾಸಣೆ ಮಾಡಿಸದೆ ಬಿಡುವುದನ್ನು ನಾನು ನೋಡಿದ್ದೇನೆ, ಅದು ನಿಲ್ಲಬೇಕು.

ಕೊನೆಗೆ ಕೈಗೆ ಬೇಕಾದ ಮಾತು. ಬಂದ ಮೊದಲ ವಾರವೇ ಯಾವುದಾದರೂ ಶಿಕ್ಷಕರ ಸಂಘಕ್ಕೆ ಸೇರಿಕೊಳ್ಳಿ. ಘಟನೆ ನಡೆದ ಮೇಲೆ ಸದಸ್ಯರಾದರೆ ಆ ಪ್ರಕರಣಕ್ಕೆ ಸಾಮಾನ್ಯವಾಗಿ ನೆರವು ಸಿಗುವುದಿಲ್ಲ. ಆರೋಪ ಬಂದ ದಿನವೇ ನಿಮಗೆ ನೆನಪಿರುವುದನ್ನು ದಿನಾಂಕ ಹಾಕಿ ಬರೆದಿಡಿ, ಅದು ಕನ್ನಡದಲ್ಲಿದ್ದರೂ ಸರಿ. ರಾಜೀನಾಮೆ ಪತ್ರಕ್ಕೆ ಸಹಿ ಹಾಕುವ ಮುಂಚೆ ಸಂಘದವರೊಂದಿಗೂ, ವೀಸಾ ಇದ್ದರೆ ವಲಸೆ ವಕೀಲರೊಂದಿಗೂ ಮಾತಾಡಿ. ಊರಿಗೆ ವಾಪಸಾದರೂ ಟಿಆರ್‌ಎಗೆ ನಿಮ್ಮ ಹೊಸ ವಿಳಾಸ, ಇಮೇಲ್ ತಿಳಿಸಿ. ಬಂದ ಪತ್ರಕ್ಕೆ ಗಡುವಿನೊಳಗೆ ಉತ್ತರ ಕೊಡಿ.

ಚಹಾ ಆದ ಮೇಲೆ ಪ್ರಶ್ನೋತ್ತರ ಇದೆ. ನಿಮ್ಮದೇ ಪ್ರಕರಣ ನಡೆಯುತ್ತಿದ್ದರೆ ದಯವಿಟ್ಟು ಅದನ್ನು ಮೈಕಿನಲ್ಲಿ ಹೇಳಬೇಡಿ. ನಾನು ಹಿಂದಿನ ಬಾಗಿಲ ಹತ್ತಿರ ಕೂತಿರುತ್ತೇನೆ, ಅಲ್ಲಿಗೆ ಬನ್ನಿ.