34ನೇ ಕುರ್ಚಿಯಿಂದ ಎದ್ದು ಬಂದ ಮೇಲೆ

ಧಾರವಾಡದ ಸಪ್ತಾಪುರದ ರೀಡಿಂಗ್ ರೂಮೊಂದರಲ್ಲಿ ಕಿಟಕಿ ಪಕ್ಕದ 34ನೇ ಕುರ್ಚಿ ಮೂರು ವರ್ಷ ನನ್ನದಾಗಿತ್ತು. ಬೆಳಿಗ್ಗೆ ಏಳಕ್ಕೆ ಹೋಗಿ ಕೂತರೆ ಹನ್ನೊಂದಕ್ಕೊಂದು ಚಹಾ, ಮಧ್ಯಾಹ್ನ ಮೆಸ್ಸಿನ ರೊಟ್ಟಿ, ಸಂಜೆ ಮತ್ತೊಂದು ಚಹಾ, ರಾತ್ರಿ ಹತ್ತಕ್ಕೆ ರೂಮು. ಎಫ್‌ಡಿಎ, ಎಸ್‌ಡಿಎ, ಪಿಡಿಒ ಎಂದು ಯಾವುದಕ್ಕೆ ಕರೆದರೂ ಅರ್ಜಿ ಹಾಕುತ್ತಿದ್ದೆ. ಒಮ್ಮೆ ಐದು ಅಂಕಕ್ಕೆ ತಪ್ಪಿತು, ಇನ್ನೊಮ್ಮೆ ಎರಡೂವರೆ ಅಂಕಕ್ಕೆ. ‘ಮುಂದಿನ ಸಲ ಆಗೇ ಆಗ್ತೈತಿ ಬಿಡಲೇ’ ಎಂದು ಗೆಳೆಯರು ಬೆನ್ನು ತಟ್ಟುತ್ತಿದ್ದರು. ನಾನೂ ಅವರಿಗೆ ಹಾಗೆಯೇ ಹೇಳುತ್ತಿದ್ದೆ.

ನೋಡಿದವರಿಗೆ ಅದು ಕಷ್ಟದ ಬದುಕು. ನಿಜ ಹೇಳಬೇಕೆಂದರೆ ಅದು ನನಗೆ ಆರಾಮಾಗಿತ್ತು. ಊರಿಗೆ ಹೋದಾಗ ಯಾರಾದರೂ ‘ಏನ್ ಮಾಡಾಕತ್ತೀಪಾ?’ ಎಂದರೆ ‘ಪ್ರಿಪರೇಷನ್ ನಡದೈತ್ರಿ’ ಎಂದು ಹೇಳಿದರೆ ಮುಗಿಯಿತು. ಮುಂದಿನ ಪ್ರಶ್ನೆ ಬರುತ್ತಿರಲಿಲ್ಲ. ಹೊಸಬರ ಮುಂದೆ ನಿಲ್ಲುವ, ಸಂಬಳ ಕೇಳುವ, ಎಲ್ಲರೆದುರು ಸೋಲುವ ಯಾವ ಪ್ರಸಂಗವೂ ಇರಲಿಲ್ಲ. ಕಂಫರ್ಟ್ ಝೋನ್ ಅಂದರೆ ಎಸಿ ರೂಮು, ಮೆತ್ತನೆ ಸೋಫಾ ಎಂದುಕೊಂಡಿದ್ದೆ. ಕಟ್ಟಿಗೆ ಕುರ್ಚಿಯೂ ಆಗಬಹುದೆಂದು ತಿಳಿಯಲು ಮೂರು ವರ್ಷ ಬೇಕಾಯಿತು.

ತಿಳಿದದ್ದು ಒಂದು ದಸರೆಗೆ. ಹಾನಗಲ್ ತಾಲ್ಲೂಕಿನ ನಮ್ಮೂರಿಗೆ ಹೋದಾಗ ಕೊಟ್ಟಿಗೆಯಲ್ಲಿದ್ದ ಎರಡು ಎಮ್ಮೆಗಳಲ್ಲಿ ಒಂದು ಕಾಣಲಿಲ್ಲ. ಕೇಳಿದರೆ ಅಪ್ಪ ‘ಅದಕ್ಕ ವಯಸ್ಸಾಗಿತ್ತು, ಕೊಟ್ವಿ’ ಎಂದರು. ರಾತ್ರಿ ಊಟಕ್ಕೆ ಬಡಿಸುವಾಗ ಅವ್ವ ಸಣ್ಣ ದನಿಯಲ್ಲಿ ಅಂದಳು: ‘ಎರಡನೇ ಸೂಲಿನ ಎಮ್ಮಿ ಅದು.’ ತಿಂಗಳಿಗೆ 4,500 ರೂಪಾಯಿ ನನ್ನ ಫೋನಿಗೆ ಬಂದು ಬೀಳುತ್ತಿತ್ತು. ಅದು ಎಲ್ಲಿಂದ ಬರುತ್ತದೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಧಾರವಾಡಕ್ಕೆ ಬಂದ ಮೇಲೆ ಓದಲು ಆಗಲಿಲ್ಲ. ಕೋಚಿಂಗ್‌ನಲ್ಲಿ ಭಾಷಣ ಮಾಡಲು ಬಂದವರು ‘ರಿಸ್ಕ್ ತಗೊಳ್ಳಿ, ಕ್ಯಾಪ್ಟನ್ ಗೋಪಿನಾಥ್ ಅವರನ್ನು ನೋಡಿ’ ಎಂದಿದ್ದು ನೆನಪಾಯಿತು. 2003ರಲ್ಲಿ ಏರ್ ಡೆಕ್ಕನ್ ವಿಮಾನ ಹಾರಿಸಿದ್ದು ಎಲ್ಲರಿಗೂ ಗೊತ್ತು. ಆದರೆ ಹಾಸನ ಜಿಲ್ಲೆಯ ಗೊರೂರಿನಲ್ಲಿ ಬೆಳೆದ ಅವರು ಸೈನ್ಯ ಬಿಟ್ಟು ಬಂದು ಮೊದಲು ಮಾಡಿದ್ದು ಬೇಸಾಯ, ರೇಷ್ಮೆ. ವಿಮಾನಕ್ಕಿಂತ ಮುಂಚೆ ಹೆಲಿಕಾಪ್ಟರ್ ಸೇವೆ ನಡೆಸಿದ್ದರು. ದೊಡ್ಡ ಧೈರ್ಯದ ಹಿಂದೆ ಸಣ್ಣ ಸಣ್ಣ ಧೈರ್ಯಗಳ ಸಾಲೇ ಇತ್ತು. ಭಾಷಣಗಳಲ್ಲಿ ಆ ಭಾಗವನ್ನು ಯಾರೂ ಹೇಳುವುದಿಲ್ಲ.

ಅವತ್ತು ಕರೆಂಟ್ ಅಫೇರ್ಸ್ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಒಂದು ಲೆಕ್ಕ ಬರೆದೆ. ಎಷ್ಟು ಗಳಿಸಬಹುದು ಎಂದಲ್ಲ, ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಹುದು ಎಂದು. ರೂಮು ಬಿಟ್ಟರೆ ಡಿಪಾಸಿಟ್ 12,000 ರೂಪಾಯಿ ವಾಪಸ್ ಬರುತ್ತದೆ. ಅಷ್ಟು ದುಡ್ಡು, ಆರು ತಿಂಗಳು. ಎರಡೂ ಹೋದರೆ ಮತ್ತೆ ಬಂದು ಓದುವುದು. ಸಾಲ ಇಲ್ಲ, ಅಪ್ಪನ ಹತ್ತಿರ ಕೇಳುವುದಿಲ್ಲ. ಇಷ್ಟು ಬರೆದ ಮೇಲೆ ಭಯ ಹೋಗಲಿಲ್ಲ, ಆದರೆ ಅದಕ್ಕೊಂದು ಅಳತೆ ಸಿಕ್ಕಿತು.

ಆರಿಸಿಕೊಂಡಿದ್ದು ಚಿಪ್ಪು ಅಣಬೆ. ಕಾರಣ ಸರಳ, ನಮ್ಮ ಕಡೆ ಭತ್ತದ ಹುಲ್ಲಿಗೆ ಬರವಿಲ್ಲ. ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋಗಿ ವಿಚಾರಿಸಿದೆ. ಹುಲ್ಲು ಕತ್ತರಿಸಿ, ನೀರಲ್ಲಿ ನೆನೆಸಿ, ಬಿಸಿ ನೀರಿನಲ್ಲಿ ಹದ ಮಾಡಿ, ನೀರು ಬಸಿದು, ಪ್ಲಾಸ್ಟಿಕ್ ಚೀಲದಲ್ಲಿ ಪದರ ಪದರವಾಗಿ ಅಣಬೆ ಬೀಜ ಹಾಕಿ ತುಂಬಬೇಕು. ಕತ್ತಲೆ ಕೋಣೆಯಲ್ಲಿ 15ರಿಂದ 20 ದಿನ ಇಟ್ಟರೆ ಒಳಗೆಲ್ಲ ಬೆಳ್ಳಗೆ ಹಬ್ಬುತ್ತದೆ. ಆಮೇಲೆ ಗಾಳಿ, ತೇವ ಕೊಟ್ಟರೆ ಅಣಬೆ ಬರುತ್ತದೆ. ಕೇಳಲು ಸುಲಭವಾಗಿತ್ತು.

ಎಮ್ಮೆ ಇದ್ದ ಖಾಲಿ ಜಾಗದಲ್ಲೇ 20 ಚೀಲ ಕಟ್ಟಿದೆ. ಎರಡು ವಾರದಲ್ಲಿ 14 ಚೀಲಗಳಿಗೆ ಹಸಿರು ಬೂಷ್ಟು ಹಿಡಿಯಿತು. ಡಿಗ್ರಿ ಓದಿದವ ಹುಲ್ಲು ಕೊಳೆಸುತ್ತಿದ್ದಾನೆಂದು ಓಣಿಯಲ್ಲಿ ನಕ್ಕರು. ಕೆಟ್ಟ ಚೀಲಗಳನ್ನು ತಿಪ್ಪೆಗೆ ಒಯ್ಯುವಾಗ ಅತ್ತಿದ್ದೆ ಎಂದು ಬರೆಯಲು ಈಗ ನಾಚಿಕೆಯಿಲ್ಲ. ಮತ್ತೆ ಹನುಮನಮಟ್ಟಿಗೆ ಹೋದೆ. ಹುಲ್ಲಿನಲ್ಲಿ ನೀರು ಹೆಚ್ಚಿತ್ತು, ದನದ ಕೊಟ್ಟಿಗೆ ಆಗುವುದಿಲ್ಲ ಎಂದರು. ಹಿತ್ತಲಿನ ಹಳೇ ಕೋಣೆಗೆ ಸುಣ್ಣ ಬಳಿದು, ಕಿಟಕಿಗೆ ಸೊಳ್ಳೆ ಪರದೆ ಹೊಡೆದು ಎರಡನೇ ಸಲ ಕಟ್ಟಿದೆ. ಈ ಸಲ ಮೂರು ಚೀಲ ಮಾತ್ರ ಕೆಟ್ಟವು.

ಬೆಳೆಯುವುದಕ್ಕಿಂತ ಮಾರುವುದೇ ನನಗೆ ದೊಡ್ಡ ಪರೀಕ್ಷೆಯಾಯಿತು. ನಾಲ್ಕು ಕೆ.ಜಿ. ಅಣಬೆ ಹಿಡಿದು ಶಿರಸಿ ಬಸ್ಸು ಹತ್ತಿದೆ. ಮೊದಲ ಹೋಟೆಲಿನ ಎದುರು ರಸ್ತೆಯ ಈಚೆ 20 ನಿಮಿಷ ಸುಮ್ಮನೆ ನಿಂತಿದ್ದೆ. ಸಂವಿಧಾನದ ವಿಧಿಗಳನ್ನು ಬಾಯಿಪಾಠ ಹೇಳುತ್ತಿದ್ದವನಿಗೆ ‘ಅಣಬೆ ಬೇಕಾ ಸರ್’ ಎನ್ನಲು ಬಾಯಿ ಬರಲಿಲ್ಲ. ಕೊನೆಗೆ ಹೋಗಿ ಕೇಳಿದೆ. ‘ನಮ್ಮಲ್ಲಿ ಅಣಬೆ ಮಾಡೋದಿಲ್ಲ’ ಎಂದರು. ಅಷ್ಟೇ. ಬೈಯಲಿಲ್ಲ, ಆಕಾಶವೂ ಬೀಳಲಿಲ್ಲ. ಐದು ಕಡೆ ಕೇಳಿದೆ. ಮೂವರು ಬೇಡವೆಂದರು, ಒಬ್ಬರು ಮುಂದಿನ ವಾರ ಬನ್ನಿ ಎಂದರು, ಒಬ್ಬರು ಎರಡು ಕೆ.ಜಿ. ತೂಗಿಸಿಕೊಂಡು ‘ವಾರಕ್ಕೆ ಎಷ್ಟು ಸಲ ತಂದುಕೊಡ್ತೀರಿ?’ ಎಂದು ಕೇಳಿದರು. ಉಳಿದದ್ದನ್ನು ಅವ್ವ ಪಲ್ಯ ಮಾಡಿದಳು.

ಈಗ 60 ಚೀಲಗಳಿವೆ. ಖರ್ಚು ಕಳೆದು ತಿಂಗಳಿಗೆ ಸುಮಾರು 9,000 ರೂಪಾಯಿ ಉಳಿಯುತ್ತದೆ. ಬೇಸಿಗೆಯಲ್ಲಿ ಸೆಕೆ ಏರಿದರೆ ಇಳುವರಿ ಇಳಿಯುತ್ತದೆ, ಆಗ ಅಷ್ಟೂ ಸಿಗುವುದಿಲ್ಲ. ಇದು ಯಶೋಗಾಥೆಯಲ್ಲ. ಎಮ್ಮೆಯನ್ನೂ ಇನ್ನೂ ತಂದಿಲ್ಲ.

ಓದು ಬಿಡಿ, ಅಣಬೆ ಬೆಳೆಯಿರಿ ಎಂದು ನಾನು ಹೇಳುತ್ತಿಲ್ಲ. ನನ್ನ ಪಕ್ಕದ ಕುರ್ಚಿಯ ಗೆಳೆಯ ಕಳೆದ ವರ್ಷ ಆಯ್ಕೆಯಾದ. ಅವನ ಶ್ರಮಕ್ಕೆ ಅದು ಸಿಗಬೇಕಾದದ್ದೇ. ನಾನೂ ಮೊನ್ನೆ ಒಂದು ಪರೀಕ್ಷೆ ಬರೆದು ಬಂದೆ. ಇದೊಂದು ಹೋದರೆ ಎಲ್ಲವೂ ಹೋಯಿತು ಎಂಬ ನಡುಕ ಈ ಸಲ ಇರಲಿಲ್ಲ. ಆದರೆ ನೀವು ಕೂತ ಕುರ್ಚಿಯನ್ನು ಒಮ್ಮೆ ಕೇಳಿಕೊಳ್ಳಿ. ಅಲ್ಲಿ ಗುರಿಗಾಗಿ ಕೂತಿದ್ದೀರೋ, ಹೊರಗೆ ಬರಲು ಹೆದರಿ ಕೂತಿದ್ದೀರೋ? ಎರಡನೆಯದಾದರೆ ಎಷ್ಟು ದುಡ್ಡು, ಎಷ್ಟು ತಿಂಗಳು ಕಳೆದುಕೊಳ್ಳಬಲ್ಲಿರಿ ಎಂದು ಒಂದು ಹಾಳೆಯಲ್ಲಿ ಬರೆಯಿರಿ. ಆ ಗೆರೆಯೊಳಗೆ ಒಂದು ಹೆಜ್ಜೆ ಇಡಿ. ಅದು ಪಾರ್ಟ್ ಟೈಮ್ ಕೆಲಸವಿರಬಹುದು, ಬೇರೆ ಊರಿನ ಇಂಟರ್‌ವ್ಯೂ ಇರಬಹುದು, ತರಗತಿಯಲ್ಲಿ ಎದ್ದು ನಿಂತು ಕೇಳುವ ಒಂದು ಪ್ರಶ್ನೆಯೂ ಇರಬಹುದು.

ಆ ಮೂರು ವರ್ಷ ಅಪ್ಪ ನನ್ನ ಓದಿನ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಕೇಳಿದರೆ ನನಗೆ ನೋವಾದೀತೆಂದು ಸುಮ್ಮನಿದ್ದರೆಂದು ಈಗ ಅನಿಸುತ್ತದೆ. ಈಗ ಶಿರಸಿಯಿಂದ ಬಂದು ಬಸ್ಸಿಳಿದರೆ ಸಾಕು, ಕಟ್ಟೆ ಮೇಲಿಂದಲೇ ಕೇಳುತ್ತಾರೆ: ‘ಇವತ್ತ ಎಷ್ಟ್ ಕೆ.ಜಿ. ಹೋತೋ ತಮ್ಮಾ?’